ಒಣ ತೋಟದಲ್ಲಿ ಹೂವಿನ ಒರೆಗಾನೊ: ಬಿಸಿಲು ಬೇಕು, ಬೇಸಿಗೆಯ ಒದ್ದೆ ಬೇಡ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರದ ಫೋಲ್ಸಮ್‌ನಲ್ಲಿ. ಮನೆ ಮುಂದಿನ ಹುಲ್ಲುಹಾಸು ತೆಗೆಸಿ, ಪಶ್ಚಿಮಕ್ಕೆ ಮುಖ ಮಾಡಿದ ಕಲ್ಲುಕಟ್ಟೆಯ ಮೇಲೆ ಕಡಿಮೆ ನೀರಿನ ಗಿಡಗಳನ್ನು ಹಾಕುತ್ತಿದ್ದೇವೆ. ಮೇ ತಿಂಗಳಲ್ಲಿ ‘ಕೆಂಟ್ ಬ್ಯೂಟಿ’ ಎಂಬ ಹೂವಿನ ಒರೆಗಾನೊದ ಮೂರು ಸಸಿ ನೆಟ್ಟೆವು. ಡ್ರಿಪ್‌ನಲ್ಲಿ ದಿನಾ ಹತ್ತು ನಿಮಿಷ ನೀರು. ಜುಲೈ ಬಿಸಿಲಿಗೆ ಬಾಡಿದವೆಂದು ನೀರು ಹೆಚ್ಚಿಸಿದೆವು, ವಾರದೊಳಗೆ ಎರಡು ಸತ್ತವು. ಉಳಿದ ಒಂದರ ಗುಲಾಬಿ ಬಣ್ಣವೂ ಮಾಸಿದೆ. ಬಿಸಿಲಿನ ಗಿಡ ಎನ್ನುತ್ತಾರಲ್ಲ, ಯಾಕೆ ಹೀಗಾಯಿತು? ನಮ್ಮ ಜಾಗಕ್ಕೆ ಯಾವುದು ಹೊಂದುತ್ತದೆ? ಎಲೆ ಅಡುಗೆಗೆ ಆಗುತ್ತದೆಯೇ?

ಉತ್ತರ: ನಿಮ್ಮ ಗಿಡಗಳು ಸತ್ತದ್ದು ಬಹುಮಟ್ಟಿಗೆ ಬಿಸಿಲಿನಿಂದಲ್ಲ, ನೀರಿನಿಂದ. ಅದೂ ನೀರು ಹೆಚ್ಚಾಯಿತು ಎನ್ನುವುದಕ್ಕಿಂತ, ಮಣ್ಣು ಕಾದಿರುವ ತಿಂಗಳುಗಳಲ್ಲಿ ಬೇರಿನ ಸುತ್ತ ದಿನವೂ ಪಸೆ ಆರದೆ ಉಳಿದದ್ದು ಮುಖ್ಯ ಕಾರಣ. ಬಿಸಿ ಮಣ್ಣಿನಲ್ಲಿ ಬೇರಿಗೆ ಹೆಚ್ಚು ಆಮ್ಲಜನಕ ಬೇಕು, ಆದರೆ ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಕಡಿಮೆ. ಇದೇ ಹೊತ್ತಿಗೆ ಫೈಟೊಫ್ತೊರ, ಪಿಥಿಯಂ ಜಾತಿಯ ಕೊಳೆರೋಗಾಣುಗಳು ಒದ್ದೆ ಮಣ್ಣಿನಲ್ಲಿ ಈಜಿಕೊಂಡೇ ಬೇರನ್ನು ತಲುಪುತ್ತವೆ. ಬೇರು ಕೊಳೆತ ಗಿಡಕ್ಕೆ ನೀರು ಹೀರಲಾಗದು; ಆದ್ದರಿಂದ ಒದ್ದೆ ಮಣ್ಣಿನಲ್ಲಿ ನಿಂತೂ ಬಾಯಾರಿದ ಹಾಗೆ ಬಾಡುತ್ತದೆ. ಬಾಡಿತೆಂದು ಮತ್ತಷ್ಟು ನೀರು ಬಿಟ್ಟರೆ ಉಳಿದ ಬೇರೂ ಹೋಗುತ್ತದೆ. ಒಣ ತೋಟದ ಗಿಡಗಳು ಜುಲೈ-ಆಗಸ್ಟ್‌ನಲ್ಲಿ ಸಾಯುವುದು ಹೆಚ್ಚಾಗಿ ಹೀಗೆಯೇ.

ಸತ್ತ ಗಿಡವನ್ನು ಎಸೆಯದೆ ಕಿತ್ತು ನೋಡಿ. ಬೇರು ಕಂದಾಗಿ, ಬೆರಳಿನಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬಂದರೆ, ಬುಡದ ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿದ್ದರೆ, ಅದು ಕೊಳೆ. ಬೇರು ಬಿಳಿಯಾಗಿದ್ದು, ನರ್ಸರಿ ಕುಂಡದ ಆಕಾರದಲ್ಲೇ ಇರುವ ಬೇರಿನ ಮುದ್ದೆ ಒಳಗೆ ಒಣಗಿ ಹಗುರಾಗಿದ್ದರೆ ಕಥೆ ಬೇರೆ. ನರ್ಸರಿಯವರು ತುಂಬುವ ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿ), ತೊಗಟೆಪುಡಿಯ ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಸುಲಭವಾಗಿ ನೀರು ಹಿಡಿಯುವುದಿಲ್ಲ. ಸುತ್ತಲ ಜೇಡಿಮಣ್ಣು ಒದ್ದೆಯಿದ್ದರೂ ಮುದ್ದೆಯೊಳಗೆ ಬರ. ಮೇ ತಿಂಗಳಲ್ಲಿ ನೆಟ್ಟ ಗಿಡಗಳಿಗೆ ಈ ಎರಡು ಅಪಾಯವೂ ಒಟ್ಟಿಗೇ ಇರುತ್ತವೆ.

ಈಗ ಉಳಿದಿರುವ ಗಿಡದ ಮಾತು. ದಿನದ ನೀರನ್ನು ಇವತ್ತೇ ನಿಲ್ಲಿಸಿ. ಬುಡದಿಂದ ಒಂದು ಗೇಣು ದೂರದಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ, 10 ಸೆಂ.ಮೀ. ಆಳದ ಮಣ್ಣು ತೆಗೆದು ಮುಟ್ಟಿ ನೋಡಿ. ಉಂಡೆ ಕಟ್ಟುವಷ್ಟು ಪಸೆ ಇದ್ದರೆ ನೀರು ಬೇಡ, ಪುಡಿಯಾದರೆ ಕೊಡಿ. ಮಧ್ಯಾಹ್ನ ಜೋಲು ಬಿದ್ದು ಮರುದಿನ ಬೆಳಗ್ಗೆ ನೆಟ್ಟಗಾದರೆ ಗಾಬರಿ ಪಡಬೇಡಿ, ಅದು ಬಿಸಿಲಿನಿಂದ ತಪ್ಪಿಸಿಕೊಳ್ಳುವ ಉಪಾಯವಷ್ಟೆ. ಬೆಳಗ್ಗೆ ಏಳು ಗಂಟೆಗೂ ಬಾಡಿಯೇ ಇದ್ದರೆ ಮಾತ್ರ ಮಣ್ಣು ನೋಡಿ ತೀರ್ಮಾನಿಸಿ. ಗೊಬ್ಬರ ಹಾಕಬೇಡಿ, ಬುಡಮಟ್ಟ ಕತ್ತರಿಸಬೇಡಿ. ಸೆಪ್ಟೆಂಬರ್ ಕೊನೆಯವರೆಗೆ ಮಧ್ಯಾಹ್ನದ ಹೊತ್ತಿಗೆ ಶೇ. 30-40 ನೆರಳಿನ ಬಲೆ ಕಟ್ಟಿ. ಹೂವಿಲ್ಲದ ನಾಲ್ಕೈದು ಎಳೆ ಕಡ್ಡಿ ಇದ್ದರೆ ಮುಂದೆ ಹೇಳುವಂತೆ ನೆಟ್ಟುಕೊಳ್ಳಿ. ತಾಯಿ ಗಿಡ ಹೋದರೂ ತಳಿ ಉಳಿಯುತ್ತದೆ.

ಬಣ್ಣ ಮಾಸಿದ್ದಕ್ಕೆ ಪೂರ್ತಿ ನಿಮ್ಮ ಆರೈಕೆಯೇ ಕಾರಣವಲ್ಲ. ನೀವು ಹೂವೆಂದುಕೊಂಡಿರುವುದು ಹೂವಲ್ಲ. ಕಾಗದದ ಹೂವಿನಲ್ಲಿ ಇರುವಂತೆಯೇ ಇಲ್ಲಿಯೂ ಬಣ್ಣ ಬರುವುದು ಹೂವನ್ನು ಮುಚ್ಚುವ ಎಲೆಗಳಿಗೆ, ಅಂದರೆ ಬ್ರ್ಯಾಕ್ಟ್‌ಗಳಿಗೆ. ನಿಜವಾದ ಹೂವು ಅವುಗಳ ಸಂದಿಯಿಂದ ಇಣುಕುವ ಪುಟ್ಟ ಗುಲಾಬಿ ಕೊಳವೆ. ಬ್ರ್ಯಾಕ್ಟ್ ಮೊದಲು ತಿಳಿಹಸಿರು. ಬೆಳಕು ಚೆನ್ನಾಗಿದ್ದು ರಾತ್ರಿ ತಂಪಾಗಿದ್ದರೆ ಗುಲಾಬಿ ಏರುತ್ತದೆ. ಬಲಿತ ಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ರಾತ್ರಿಯೂ ಕಾವು ಇಳಿಯದ ವಾರಗಳಲ್ಲಿ ಬಣ್ಣ ತೆಳುವಾಗುತ್ತದೆ. ನಿಮ್ಮಲ್ಲಿ ಕೊಲ್ಲಿಯ ಕಡೆಯಿಂದ ಸಂಜೆ ಬೀಸುವ ತಂಪಾದ ಡೆಲ್ಟಾ ಗಾಳಿ ಈ ವಿಷಯದಲ್ಲಿ ದೊಡ್ಡ ಉಪಕಾರಿ. ಆದರೆ ಪಶ್ಚಿಮದ ಕಲ್ಲುಕಟ್ಟೆ ಹಗಲಿಡೀ ಕಾದು ರಾತ್ರಿಯೆಲ್ಲ ಆ ಕಾವನ್ನು ಗಿಡದ ಮೇಲೆ ಬಿಡುತ್ತಿರುತ್ತದೆ.

ಇಲ್ಲಿಯೇ ತಳಿಯ ಆಯ್ಕೆಯ ಪ್ರಶ್ನೆ ಬರುತ್ತದೆ. ಒರೆಗಾನೊ ಸೇರಿದ ಒರಿಗ್ಯಾನಮ್ ಕುಲದ ಹೆಚ್ಚಿನ ಪ್ರಭೇದಗಳ ತವರು ಟರ್ಕಿ ಮತ್ತು ಪೂರ್ವ ಮೆಡಿಟರೇನಿಯನ್ ಪ್ರದೇಶ. ತುಳಸಿ, ಪುದೀನ ಇದೇ ಕುಟುಂಬದವಾದರೂ ಅವುಗಳಿಗೆ ಕೊಟ್ಟ ಹಾಗೆ ಇದಕ್ಕೆ ನೀರು ಕೊಟ್ಟರೆ ಆಗದು. ‘ಕೆಂಟ್ ಬ್ಯೂಟಿ’ 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ನರ್ಸರಿಯಲ್ಲಿ ಹುಟ್ಟಿದ ಮಿಶ್ರತಳಿ. ಒಂದು ಪೋಷಕ ಒರಿಗ್ಯಾನಮ್ ರೊಟಂಡಿಫೋಲಿಯಮ್, ಈಶಾನ್ಯ ಟರ್ಕಿ ಮತ್ತು ಜಾರ್ಜಿಯದ್ದು. ಇನ್ನೊಂದು ಒರಿಗ್ಯಾನಮ್ ಸ್ಕೇಬ್ರಮ್, ಗ್ರೀಸಿನ ಬೆಟ್ಟಗಳದ್ದು. ಎರಡೂ ಕಲ್ಲುಸಂದಿಯ ಬೆಟ್ಟದ ಗಿಡಗಳು: ಹಗಲು ಬಿಸಿಲು, ರಾತ್ರಿ ತಂಪು, ಕಾಲ ಕೆಳಗೆ ಸದಾ ಬಸಿದುಹೋಗುವ ಜಲ್ಲಿ. ಚೆಂದಕ್ಕೆ ಇದರ ಸಮ ಇಲ್ಲ, ಆದರೆ 40 ಡಿಗ್ರಿ ಸೆಲ್ಸಿಯಸ್ ದಾಟುವ ನಿಮ್ಮ ಪಶ್ಚಿಮದ ಕಟ್ಟೆಗೆ ಇದು ಮೊದಲ ಆಯ್ಕೆ ಅಲ್ಲವೇ ಅಲ್ಲ. ಕಟ್ಟೆಯ ಪೂರ್ವದ ತುದಿಯಲ್ಲೋ, ಮಧ್ಯಾಹ್ನ ಮೂರರ ನಂತರ ಮರದ ನೆರಳು ಬೀಳುವಲ್ಲೋ ಬೆಳಗಿನ ಐದಾರು ಗಂಟೆ ಬಿಸಿಲು ಸಿಗುವಂತೆ ನೆಡಿ. 20-25 ಸೆಂ.ಮೀ. ಎತ್ತರ ಬೆಳೆದು ಅಂಚಿನಿಂದ ಇಳಿಬೀಳುತ್ತದೆ. ‘ಅಮೆಥಿಸ್ಟ್ ಫಾಲ್ಸ್’ ಎಂಬುದೂ ಇದೇ ರೀತಿಯ ಇಳಿಬೀಳುವ ತಳಿ.

ಕಡುಬಿಸಿಲಿನ ಭಾಗಕ್ಕೆ ಒರಿಗ್ಯಾನಮ್ ಲೇವಿಗೇಟಮ್ ಗುಂಪು ತನ್ನಿ: ‘ಹೆರನ್‌ಹೌಸನ್’, ‘ಹಾಪ್ಲೀಸ್’, ‘ರೋಸನ್‌ಕುಪ್ಪಲ್’. ಇವು ನೆಟ್ಟಗೆ 45-60 ಸೆಂ.ಮೀ. ಬೆಳೆದು, ತೆಳ್ಳನೆಯ ಕಡ್ಡಿಗಳ ತುದಿಯಲ್ಲಿ ನೇರಳೆ-ಗುಲಾಬಿ ಹೂವಿನ ಮೋಡವನ್ನೇ ಎತ್ತಿ ಹಿಡಿಯುತ್ತವೆ. ಜೇನುನೊಣ ಕಿಕ್ಕಿರಿಯುತ್ತವೆ. ಬ್ರ್ಯಾಕ್ಟ್‌ಗಳ ಜಂಭ ಕಡಿಮೆ, ಗಟ್ಟಿತನ ಹೆಚ್ಚು. ಒಣ ತೋಟಕ್ಕೆ ಒಂದೇ ಒಂದು ಒರೆಗಾನೊ ಹೇಳಿ ಎಂದರೆ ನಮ್ಮ ಉತ್ತರ ‘ಹೆರನ್‌ಹೌಸನ್’. ಇಳಿಬೀಳುವಂಥದ್ದೇ ಬೇಕೆಂದರೆ ಲೆಬನಾನ್ ಮೂಲದ ಒರಿಗ್ಯಾನಮ್ ಲಿಬನೋಟಿಕಮ್ ಇದೆ. ಬಿಯರ್‌ಗೆ ಹಾಕುವ ಹಾಪ್ಸ್ ಗೊಂಚಲಿನಂಥ ಬ್ರ್ಯಾಕ್ಟ್‌ಗಳು ಉದ್ದನೆಯ ಕಡ್ಡಿಯಲ್ಲಿ ತೂಗುತ್ತವೆ. ಕೊಲೊರಾಡೊದ ‘ಪ್ಲಾಂಟ್ ಸೆಲೆಕ್ಟ್’ ಕಾರ್ಯಕ್ರಮ ಒಣ ತೋಟಗಳಿಗೆಂದು ಆಯ್ದ ಗಿಡಗಳಲ್ಲಿ ಇದೂ ಒಂದು. ಕ್ರೀಟ್ ದ್ವೀಪದ ಬಂಡೆಗಳಲ್ಲಿ ಮಾತ್ರ ಕಾಡುಗಿಡವಾಗಿ ಸಿಗುವ ಒರಿಗ್ಯಾನಮ್ ಡಿಕ್ಟಾಮ್ನಸ್‌ನ ಎಲೆ ಬೂದು ಬಣ್ಣದ ತುಪ್ಪಳದಿಂದ ತುಂಬಿರುತ್ತದೆ. ಅದಕ್ಕೆ ಬೇಸಿಗೆಗಿಂತ ನಿಮ್ಮ ಚಳಿಗಾಲದ ಮಳೆ ಮತ್ತು ಕಣಿವೆಯಲ್ಲಿ ನೆಲ ಮುಟ್ಟಿ ಕವಿಯುವ ದಟ್ಟ ಟೂಲಿ ಮಂಜಿನ ತೇವವೇ ವೈರಿ. ಕಲ್ಲುಗೋಡೆಯ ನಿಂತ ಸಂದಿಯಲ್ಲಿ ಓರೆಯಾಗಿ ನೆಟ್ಟರೆ ಎಲೆಯ ಮೇಲೆ ನೀರು ನಿಲ್ಲದೆ ಬದುಕುತ್ತದೆ. ಹಳದಿ ಎಲೆಯ ‘ಔರಿಯಮ್’ ಅನ್ನು ಮಾತ್ರ ಈ ಕಟ್ಟೆಗೆ ತರಬೇಡಿ; ಜೂನ್ ಮುಗಿಯುವುದರೊಳಗೆ ಎಲೆಯಂಚು ಸುಟ್ಟು ಕಂದಾಗುತ್ತದೆ.

ನೆಡುವ ಮೊದಲು ನೆಲ

ಹುಲ್ಲುಹಾಸು ತೆಗೆದ ಜಾಗ ಎಂದಿರಿ. ಅದರಲ್ಲಿ ಎರಡು ತೊಡಕು ಅಡಗಿವೆ. ಒಂದು, ವರ್ಷಗಟ್ಟಲೆ ಹುಲ್ಲಿಗೆ ಹಾಕಿದ ಸಾರಜನಕ ಮಣ್ಣಿನಲ್ಲಿ ಉಳಿದಿರುತ್ತದೆ. ಸಾರವಾದ ಮಣ್ಣಿನಲ್ಲಿ ಒರೆಗಾನೊ ಕೊಬ್ಬಿ ಉದ್ದುದ್ದ ಬೆಳೆದು ನಡುವೆ ಸೀಳಿ ಮಲಗುತ್ತದೆ, ಎಲೆಯ ಪರಿಮಳವೂ ತಗ್ಗುತ್ತದೆ. ಆದ್ದರಿಂದ ನೆಡುವ ಗುಂಡಿಗೆ ಗೊಬ್ಬರ ಸೇರಿಸಬೇಡಿ. ಇನ್ನೊಂದು, ಆ ಹುಲ್ಲು ಬರ್ಮುಡಾ ಆಗಿದ್ದರೆ ಅದು ನಮ್ಮ ಗರಿಕೆಯೇ. ಗಣಪತಿಗೆ ಪ್ರಿಯ ಇರಬಹುದು, ಒರೆಗಾನೊ ಮಡಿಗೆ ಅಲ್ಲ. ಹಬ್ಬಿದ ಒರೆಗಾನೊ ನಡುವೆ ಗರಿಕೆ ಒಮ್ಮೆ ನುಸುಳಿದರೆ ಗಿಡ ಕೀಳದೆ ಅದನ್ನು ಕೀಳಲಾಗದು. ಇದೇ ಬೇಸಿಗೆಯಲ್ಲಿ ಖಾಲಿ ಜಾಗವನ್ನು ಅಗೆದು, ಸಿಕ್ಕಷ್ಟು ಬೇರುಕಾಂಡ ಆರಿಸಿ ತೆಗೆದು, ನೆಲ ಮಟ್ಟ ಮಾಡಿ ಒಮ್ಮೆ ಚೆನ್ನಾಗಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂತು 4ರಿಂದ 6 ವಾರ ಬಿಡಿ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಡಿ ಮಣ್ಣು ಹೆಚ್ಚು ಕಾಯುತ್ತದೆ. ಆಳಕ್ಕಿಳಿದ ಕಾಂಡ ಕೆಲವು ಉಳಿದೇ ಉಳಿಯುತ್ತವೆ. ಸೆಪ್ಟೆಂಬರ್‌ನಲ್ಲಿ ಚಿಗುರಿದಾಗ ಕಿತ್ತು ಮುಗಿಸಿ.

ನೀರು ಬಸಿಯುವುದನ್ನು ಅಳೆಯುವುದು ಸುಲಭ. 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ತೋಡಿ ನೀರು ತುಂಬಿ, ಪೂರ್ತಿ ಇಂಗಲಿ. ಎರಡನೇ ಸಲ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 5 ಸೆಂ.ಮೀ. ಮೇಲಿದ್ದರೆ ಹಾಗೆಯೇ ನೆಡಬಹುದು. 2.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ದಿಬ್ಬ ಮಾಡದೆ ಉಪಾಯವಿಲ್ಲ. ನಡುವಿನದಾದರೆ ಲೇವಿಗೇಟಮ್ ಬದುಕುತ್ತದೆ, ಉಳಿದವು ಅನುಮಾನ.

ಜೇಡಿಮಣ್ಣಿಗೆ ಒಂದೆರಡು ಚೀಲ ಮರಳು ಸುರಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬೇಡಿ. ಅರ್ಧಕ್ಕಿಂತ ಹೆಚ್ಚು ಮರಳಾಗದ ಹೊರತು ಜೇಡಿ ಆ ಕಣಗಳ ನಡುವೆ ತುಂಬಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ಜಿಪ್ಸಮ್ ಉಪಯೋಗಕ್ಕೆ ಬರುವುದು ಸೋಡಿಯಂ ಹೆಚ್ಚಾದ ಮಣ್ಣಿಗೆ ಮಾತ್ರ. ಗುಂಡಿಯ ತಳಕ್ಕೆ ಜಲ್ಲಿ ಹಾಕುವುದು ಇನ್ನೂ ಕೆಟ್ಟದು: ಮೇಲಿನ ನಯವಾದ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಕೆಳಗಿನ ಜಲ್ಲಿಗೆ ಇಳಿಯುವುದಿಲ್ಲ, ಹಾಗಾಗಿ ಒದ್ದೆ ಪದರ ಬೇರಿಗೇ ಹತ್ತಿರ ಬರುತ್ತದೆ.

ದಿಬ್ಬ ಹೀಗೆ ಮಾಡಿ. ಕೆಳಗಿನ ನೆಲವನ್ನು ಒಂದು ಗುದ್ದಲಿ ಆಳ ಸಡಿಲಿಸಿ. ಅದರ ಮೇಲೆ ನಿಮ್ಮದೇ ಮಣ್ಣು ಎರಡು ಪಾಲು, 4-8 ಮಿ.ಮೀ. ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಅಥವಾ ಪುಡಿಮಾಡಿದ ಲಾವಾಕಲ್ಲು ಒಂದು ಪಾಲು ಕಲಸಿ, ಸುಮಾರು 30 ಸೆಂ.ಮೀ. ಎತ್ತರ, ಒಂದು ಮೀಟರ್ ಅಗಲಕ್ಕೆ ಏರಿಸಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕುಸಿಯುವುದರಿಂದ ಆರಂಭದಲ್ಲಿ ಸ್ವಲ್ಪ ಎತ್ತರವೇ ಇರಲಿ. ಕಾಂಪೋಸ್ಟ್ ಹಾಕಲೇಬೇಕೆನಿಸಿದರೆ ಹತ್ತನೇ ಒಂದು ಪಾಲು ಮೀರಬಾರದು. ಪಿಎಚ್ 6.5ರಿಂದ 8ರವರೆಗೆ ಒಗ್ಗುತ್ತದೆ; 6ಕ್ಕಿಂತ ಕೆಳಗಿದ್ದರೆ ಮಾತ್ರ ಸುಣ್ಣದ ಯೋಚನೆ. ಕಟ್ಟೆಯ ಅಂಚು ನಿಮಗೆ ಸಿಕ್ಕಿರುವ ಒಳ್ಳೆಯ ಜಾಗ, ಅಲ್ಲಿ ನೀರು ತಾನಾಗಿ ಬಸಿಯುತ್ತದೆ. ಕಟ್ಟೆಯ ಬುಡದಲ್ಲಿರುವ ನೀರಿನ ತೂತುಗಳು ಮಣ್ಣು ತುಂಬಿ ಮುಚ್ಚಿಹೋಗಿವೆಯೇ ನೋಡಿಕೊಳ್ಳಿ. ಅಂಚಿನಿಂದ 15-20 ಸೆಂ.ಮೀ. ಹಿಂದಕ್ಕೆ ನೆಟ್ಟರೆ ಬೇರು ಕಾದ ಕಲ್ಲಿಗೆ ತಾಗುವುದಿಲ್ಲ, ಕಡ್ಡಿ ಹೇಗೂ ಮುಂದೆ ಚಾಚುತ್ತದೆ.

ನೆಡುವುದು, ನೀರು

ನರ್ಸರಿಗಳು ಈ ಗಿಡಗಳನ್ನು ಮುಂದಿಟ್ಟು ಮಾರುವುದು ಹೂವಿರುವ ಮೇ-ಜೂನ್‌ನಲ್ಲಿ. ನಿಮ್ಮ ಹವೆಯಲ್ಲಿ ನೆಡಲು ಒಳ್ಳೆಯ ಕಾಲ ಅಕ್ಟೋಬರ್ ಎರಡನೇ ಅರ್ಧದಿಂದ ನವೆಂಬರ್ ಮುಗಿಯುವವರೆಗೆ. ಮಣ್ಣಿನ ಕಾವು ಇನ್ನೂ ಇರುತ್ತದೆ, ಬಿಸಿಲಿನ ಮೊನಚು ಇಳಿದಿರುತ್ತದೆ, ಮಳೆ ಹತ್ತಿರವಿರುತ್ತದೆ. ಎಲೆ ಸುಮ್ಮನಿದ್ದರೂ ಬೇರು ಆರು ತಿಂಗಳು ಕೆಲಸ ಮಾಡುತ್ತದೆ. ಡೆನ್ವರ್‌ನಂಥ ಗಟ್ಟಿ ಚಳಿಯ ಊರಿನಲ್ಲಿರುವ ಓದುಗರು ಇದನ್ನು ಅನುಸರಿಸಬಾರದು. ಅಲ್ಲಿ ಹೊಸ ಸಸಿಯ ಬೇರನ್ನು ಹೆಪ್ಪುಗಟ್ಟುವ ನೆಲ ಮೇಲೆತ್ತಿಬಿಡುತ್ತದೆ, ವಸಂತದಲ್ಲೇ ನೆಡಬೇಕು.

ದೊಡ್ಡ ಗಿಡಕ್ಕೆ ಹಣ ಕೊಡಬೇಡಿ, 10 ಸೆಂ.ಮೀ. ಕುಂಡದ ಸಸಿ ಬೇಗ ನೆಲಕ್ಕೆ ಒಗ್ಗುತ್ತದೆ. ಸಸಿಯನ್ನು ಕುಂಡದೊಂದಿಗೇ ನೀರಿನಲ್ಲಿ ಅದ್ದಿ ನೆನೆಸಿ, ಹೊರತೆಗೆದು, ಬೇರಿನ ಮುದ್ದೆಯ ಹೊರಗಿನ ಮಿಶ್ರಣದಲ್ಲಿ ಮೂರನೇ ಒಂದು ಪಾಲು ಉದುರಿಸಿ, ಸುತ್ತಿಕೊಂಡ ಬೇರು ಬಿಡಿಸಿ. ಮುದ್ದೆಯ ಮೇಲ್ಭಾಗ ನೆಲಮಟ್ಟಕ್ಕಿಂತ 2-3 ಸೆಂ.ಮೀ. ಎತ್ತರದಲ್ಲಿರಲಿ. ಮುಳುಗಿಸಿ ನೆಟ್ಟರೆ ಬುಡ ಕೊಳೆಯುತ್ತದೆ. ‘ಕೆಂಟ್ ಬ್ಯೂಟಿ’ಗೆ 40-45 ಸೆಂ.ಮೀ. ಅಂತರ, ಲೇವಿಗೇಟಮ್‌ಗೆ 50-60. ಮೇಲೆ 6-10 ಮಿ.ಮೀ. ಜಲ್ಲಿಯನ್ನು 3-4 ಸೆಂ.ಮೀ. ದಪ್ಪ ಹರಡಿ. ತೊಗಟೆಚೂರಿನ ಹೊದಿಕೆ ಈ ಗಿಡಕ್ಕೆ ಬೇಡ, ಬುಡದಲ್ಲಿ ಪಸೆ ಹಿಡಿದಿಡುತ್ತದೆ. ಜಲ್ಲಿಯಡಿ ಪ್ಲಾಸ್ಟಿಕ್ ಹಾಸುವುದೂ ಬೇಡ.

ನೀರಿನ ಲೆಕ್ಕಕ್ಕೆ ಬರೋಣ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಹತ್ತು ನಿಮಿಷದಲ್ಲಿ ಬಿಡುವುದು ಮುಕ್ಕಾಲು ಲೀಟರಿಗೂ ಕಡಿಮೆ. ಇಷ್ಟು ನೀರು ಮೇಲಿನ ಪದರವನ್ನು ಸದಾ ಹಸಿಯಾಗಿಡುತ್ತದೆ, ಆಳಕ್ಕೆ ಹೋಗುವುದೇ ಇಲ್ಲ. ಬೇರೂ ಮೇಲೆಯೇ ಉಳಿದು, ಬಿಸಿ ತಟ್ಟುವ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಇದರ ಬದಲು ಗಿಡದ ಎರಡು ಬದಿಗೆ ಬುಡದಿಂದ 15 ಸೆಂ.ಮೀ. ದೂರದಲ್ಲಿ ಗಂಟೆಗೆ 2 ಲೀಟರಿನ ಎರಡು ಡ್ರಿಪ್ಪರ್ ಇಟ್ಟು, ಒಂದೂವರೆಯಿಂದ ಎರಡು ಗಂಟೆ ಬಿಟ್ಟರೆ 6-8 ಲೀಟರ್ ಸಿಗುತ್ತದೆ. ನೀರು ಮೇಲೆ ಹರಿಯತೊಡಗಿದರೆ ಅರ್ಧ ಗಂಟೆಯ ಕಂತುಗಳಾಗಿ ಬಿಡಿ. ನೆಟ್ಟ ಮೊದಲ ಮೂರು ವಾರ ಮಾತ್ರ ವಾರಕ್ಕೊಮ್ಮೆ ಒಂದು ಚೊಂಬು ನೀರನ್ನು ನೇರ ಬೇರಿನ ಮುದ್ದೆಯ ಮೇಲೆಯೇ ಹಾಕಿ, ಒಳಗಿನ ಮಿಶ್ರಣ ಒಣಗದಿರಲಿ. ಚಳಿಗಾಲದಲ್ಲಿ ಎರಡು ವಾರ ಮಳೆ ಬಾರದಿದ್ದರೆ ಒಮ್ಮೆ. ಮೊದಲ ಬೇಸಿಗೆಯಲ್ಲಿ 6-8 ದಿನಕ್ಕೊಮ್ಮೆ ಆಳವಾಗಿ. ಎರಡನೇ ಬೇಸಿಗೆಯಿಂದ ಲೇವಿಗೇಟಮ್‌ಗೆ ಎರಡು-ಮೂರು ವಾರಕ್ಕೊಮ್ಮೆ ಸಾಕು, ‘ಕೆಂಟ್ ಬ್ಯೂಟಿ’ಗೆ 8-12 ದಿನಕ್ಕೊಮ್ಮೆ. ಹೊತ್ತು ನಸುಕು, ಮಣ್ಣು ತಣ್ಣಗಿರುವಾಗ. 40 ಡಿಗ್ರಿಯ ದಿನಗಳು ಬರುತ್ತವೆಂದು ಮುನ್ಸೂಚನೆ ಇದ್ದರೆ ಹಿಂದಿನ ದಿನವೇ ಕೊಡಿ. ಬಾಡಿದ ಮೇಲೆ ಕಾದ ಮಣ್ಣಿಗೆ ಸುರಿಯುವುದೇ ನಿಮ್ಮಲ್ಲಿ ಆದ ಅನಾಹುತ. ಪಕ್ಕದ ಮನೆಯ ಹುಲ್ಲಿನ ಸ್ಪ್ರಿಂಕ್ಲರ್ ನಿಮ್ಮ ಕಟ್ಟೆಗೂ ಎರಚುತ್ತಿದ್ದರೆ ಈ ಲೆಕ್ಕವೆಲ್ಲ ನೀರುಪಾಲು.

ಸವರುವುದಕ್ಕೆ ಫೆಬ್ರವರಿ ಸಕಾಲ. ಬುಡದಲ್ಲಿ 2-3 ಸೆಂ.ಮೀ. ಹೊಸ ಚಿಗುರು ಕಂಡ ಮೇಲೆ ಹಳೆಯ ಕಡ್ಡಿಗಳನ್ನು ಚಿಗುರಿಗೆ ತಾಗದಂತೆ 3-5 ಸೆಂ.ಮೀ. ಬಿಟ್ಟು ಕತ್ತರಿಸಿ. ಶರತ್ಕಾಲದಲ್ಲಿ ಒಣಕಡ್ಡಿ ಕಂಡು ಗಿಡ ಸತ್ತಿತೆಂದು ಕಿತ್ತುಹಾಕುವವರು ಬಹಳ. ಆ ಕಡ್ಡಿಗಳು ಬುಡದ ಮೊಗ್ಗುಗಳನ್ನು ಹಿಮದಿಂದ ಕಾಯುತ್ತವೆ. ಹೂ ಮುಗಿದ ಲೇವಿಗೇಟಮ್ ಅನ್ನು ಆಗಸ್ಟ್‌ನಲ್ಲಿ ಮೂರನೇ ಒಂದು ಪಾಲು ಮೊಟಕಿದರೆ ಗಿಡ ಅಚ್ಚುಕಟ್ಟಾಗಿರುತ್ತದೆ. ನಾಲ್ಕೈದು ವರ್ಷಕ್ಕೆ ನಡು ಬೋಳಾಗಿ ಮರದಂತಾದಾಗ ವಸಂತದಲ್ಲಿ ಕಿತ್ತು ಅಂಚಿನ ಬೇರುಳ್ಳ ತುಂಡುಗಳನ್ನು ಮತ್ತೆ ನೆಡಬೇಕು.

ಮಿಶ್ರತಳಿಗಳು ಬೀಜದಿಂದ ತಾಯಿಯಂತೆ ಬರುವುದಿಲ್ಲ, ಕಡ್ಡಿಯೇ ದಾರಿ. ಏಪ್ರಿಲ್-ಮೇಯಲ್ಲಿ ಮೊಗ್ಗು ಕಟ್ಟದ 7-8 ಸೆಂ.ಮೀ. ಎಳೆ ಕಡ್ಡಿ ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಹರಳು) ಮತ್ತು ಪೀಟ್ ಸಮಪಾಲಿನ ಮಿಶ್ರಣದಲ್ಲಿ ಊರಿ, ಬೆಳಕಿರುವ ನೆರಳಿನಲ್ಲಿಡಿ. 3-4 ವಾರಕ್ಕೆ ಬೇರು. ತುಪ್ಪಳದ ಎಲೆಯ ಡಿಕ್ಟಾಮ್ನಸ್ ಕಡ್ಡಿಗೆ ಪ್ಲಾಸ್ಟಿಕ್ ಚೀಲ ಮುಚ್ಚಬೇಡಿ, ಒಳಗೇ ಕೊಳೆಯುತ್ತದೆ.

ಕೀಟದ ಕಾಟ ಕಡಿಮೆ. ಜಿಂಕೆಗಳೂ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಧೂಳು ಕೂರುವ ಕಾದ ಗೋಡೆಯ ಬಳಿ ನುಸಿ ಬಂದು ಎಲೆ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ ಮೂಡಿದರೆ ಬೆಳಗ್ಗೆ ಎಲೆಯಡಿಗೆ ನೀರಿನ ಪಿಚಕಾರಿ ಹೊಡೆದು ತೊಳೆಯಿರಿ. ಎಲೆಯಡಿ ಕಿತ್ತಳೆ-ಕಂದು ಪುಡಿ ಕಂಡರೆ ತುಕ್ಕು ರೋಗ: ಬುಡಮಟ್ಟ ಕತ್ತರಿಸಿ ಎಸೆಯಿರಿ, ಕಾಂಪೋಸ್ಟ್ ಗುಂಡಿಗೆ ಬೇಡ.

ಕುಂಡದಲ್ಲಿ ಬೆಳೆಸುವವರಿಗೆ: 30 ಸೆಂ.ಮೀ. ಮಣ್ಣಿನ ಕುಂಡ, ಕುಂಡದ ಮಿಶ್ರಣ ಎರಡು ಪಾಲು, ಪ್ಯೂಮಿಸ್ ಒಂದು, ದಪ್ಪ ಗರಸು ಒಂದು. ತಳದ ತಟ್ಟೆ ತೆಗೆದುಬಿಡಿ. ಬೆಂಗಳೂರು, ಮೈಸೂರಿನಿಂದ ಕೇಳುವವರಿಗೂ ಇದೇ ಉತ್ತರ, ಒಂದು ತಿದ್ದುಪಡಿಯೊಂದಿಗೆ: ಅಲ್ಲಿ ಮಳೆ ಬರುವುದೇ ಮಣ್ಣು ಬೆಚ್ಚಗಿರುವಾಗ, ಅಂದರೆ ಗಿಡಕ್ಕೆ ತೀರಾ ತಪ್ಪಾದ ಹೊತ್ತಿಗೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಸಿಲು ತಾಗುವ, ಮಳೆ ತಾಗದ ಸೂರಿನಡಿ ಇಡಬೇಕು. ಅಷ್ಟು ಪಡಿಪಾಟಲು ಬೇಡದವರು ಮರುಗ ಬೆಳೆಸಲಿ. ಮಲ್ಲಿಗೆಯ ಜೊತೆ ದಂಡೆಗೆ ಕಟ್ಟುವ ಮರುಗವೂ ಒರಿಗ್ಯಾನಮ್ ಕುಲದ್ದೇ. ಪರಿಮಳ ಸೌಮ್ಯ, ನೀರು-ಗೊಬ್ಬರಕ್ಕೆ ಇಷ್ಟು ಹಟ ಮಾಡದು. ದೊಡ್ಡಪತ್ರೆ ಮಾತ್ರ ಈ ಕುಲದ್ದಲ್ಲ. ಕಾರ್ವಕ್ರಾಲ್, ಥೈಮಾಲ್ ಎಂಬ ಅದೇ ಘಾಟಿನ ಅಂಶಗಳು ಅದರಲ್ಲಿರುವುದರಿಂದ ವಾಸನೆ ಹೋಲುತ್ತದೆ, ಅಷ್ಟೆ. ಫೋಲ್ಸಮ್‌ನ ಹಿಮ ಬಿದ್ದ ರಾತ್ರಿ ಅದನ್ನು ಹೊರಗೆ ಬಿಟ್ಟರೆ ಕರಗಿಹೋಗುತ್ತದೆ.

ಇನ್ನು ಅಡುಗೆ. ‘ಕೆಂಟ್ ಬ್ಯೂಟಿ’ಯ ಎಲೆ ವಿಷವಲ್ಲ, ಆದರೆ ರುಚಿಯೂ ಇಲ್ಲ. ಅಲಂಕಾರಕ್ಕೆಂದು ಮಾರುವ ಗಿಡಗಳಿಗೆ ನರ್ಸರಿಯಲ್ಲಿ ಅಂತರ್ವ್ಯಾಪಿ (ಗಿಡದೊಳಗೆಲ್ಲ ಹರಡುವ) ಕೀಟನಾಶಕ ಹಾಕಿರುವ ಸಾಧ್ಯತೆಯೂ ಇರುವುದರಿಂದ ತಂದ ವರ್ಷ ಬಾಯಿಗೆ ಹಾಕದಿರುವುದೇ ಒಳ್ಳೆಯದು. ಅಡುಗೆಗೆ ಬೇಕಾದದ್ದು ಬಿಳಿ ಹೂವಿನ ಗ್ರೀಕ್ ಒರೆಗಾನೊ. ಕೊಳ್ಳುವಾಗ ಒಂದೆಲೆ ಉಜ್ಜಿ ಮೂಸಿ, ಖಾರದ ಘಾಟು ಮೂಗಿಗೆ ಹೊಡೆಯಬೇಕು. ಅದೇ ದಿಬ್ಬದಲ್ಲಿ, ಅದೇ ನೀರಿನಲ್ಲಿ ಬೆಳೆಯುತ್ತದೆ. ಮೊಗ್ಗು ಮೂಡಿ ಅರಳುವ ಮುನ್ನ, ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಸಣ್ಣ ಕಟ್ಟು ಮಾಡಿ ಗಾಳಿಯಾಡುವ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ‘ಕೆಂಟ್ ಬ್ಯೂಟಿ’ಯ ಬಣ್ಣದ ಕಡ್ಡಿಗಳನ್ನೂ ಹೀಗೆಯೇ, ಗುಲಾಬಿ ತುಂಬಿ ಬಂದಾಗ ಕೊಯ್ದು ಕತ್ತಲ ಕೋಣೆಯಲ್ಲಿ ಎರಡು ವಾರ ಒಣಗಿಸಿದರೆ ಹೂದಾನಿಯಲ್ಲಿ ತಿಂಗಳುಗಟ್ಟಲೆ ಇಡಬಹುದು.